ತಾಯಿ ನೀರಿಗೆ ಹೋದಾಗ: ಗ್ರೆವಿ ಜೀಬ್ರಾ ಮತ್ತು ಅದರ ಮರಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳ ಗೋಷ್ಠಿಗಾಗಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿ ಕಳುಹಿಸಿದಾಗ, ಎಂದಿನಂತೆ ಕನ್ನಡ ಮತ್ತು ಉರ್ದುವಿನ ಬಾಂಧವ್ಯದ ಬಗ್ಗೆ ನಾಲ್ಕು ಮಾತು ಆಡಿದರೆ ಸಾಕು ಎಂದಿದ್ದರು. ಅದನ್ನು ಕಳೆದ ಎರಡು ವರ್ಷವೂ ಆಡಿದ್ದೇನೆ. ಮೂರನೆಯ ಸಲ ಕೇಳಿಸುವುದು ನಿಮಗೆ ಶಿಕ್ಷೆ. ಆದ್ದರಿಂದ ಈ ಸಲ ಒಂದು ಪ್ರಾಣಿಯ ಬಗ್ಗೆ ಮಾತನಾಡುತ್ತೇನೆ ಎಂದೆ. ಭಾಷೆ ಕಲಿಸುವ ಮೇಷ್ಟ್ರು ಪ್ರಾಣಿಶಾಸ್ತ್ರಕ್ಕೆ ಯಾಕೆ ಕೈ ಹಾಕುತ್ತಾರೆ ಎಂದು ನಮ್ಮ ವಿಜ್ಞಾನ ಶಿಕ್ಷಕರು ನಕ್ಕರು. ಅವರು ಇಲ್ಲೇ ಇದ್ದಾರೆ, ತಪ್ಪಿದರೆ ತಿದ್ದಲಿ.

ನಿಜ ಹೇಳಬೇಕೆಂದರೆ ಈ ವಿಷಯ ನಾನು ಆರಿಸಿಕೊಂಡದ್ದಲ್ಲ. ಮೂರು ವರ್ಷದ ಹಿಂದೆ ಐದನೆಯ ತರಗತಿಯ ಒಬ್ಬ ಹುಡುಗಿ ನನ್ನ ತಲೆಗೆ ಹಾಕಿದ್ದು. ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರಮಾಲೆಯ ಚಾರ್ಟನ್ನು ನೀವೆಲ್ಲ ನೋಡಿದ್ದೀರಿ. ಎ ಫಾರ್ ಆಪಲ್‌ನಿಂದ ಹೊರಟು ಝಡ್ ಫಾರ್ ಜೀಬ್ರಾಕ್ಕೆ ಬಂದು ನಿಲ್ಲುತ್ತದೆ. ಉರ್ದು ಕಾಯ್ದೆಯಲ್ಲೂ 'ಜೇ' ಅಕ್ಷರಕ್ಕೆ ಎಷ್ಟೋ ಕಡೆ ಅದೇ ಜೀಬ್ರಾ. ಆಕಳು, ಆಡು, ಕುರಿ ಯಾವುದರ ಹೆಸರೂ ಬರೆಯಲು ಬಾರದ ಮಗುವಿಗೂ ಜೀಬ್ರಾ ಗೊತ್ತು. ಆದರೆ ಅಷ್ಟೇ ಗೊತ್ತು. ಅಕ್ಷರ ಮುಗಿಯಿತು, ಪ್ರಾಣಿಯೂ ಮುಗಿಯಿತು. ಆ ದಿನ ನಾನು ಮಾತಿಗೆ ಮಾತು ಸೇರಿಸಿ, ಜೀಬ್ರಾಗಳಲ್ಲಿ ಒಂದು ಜಾತಿ ತೀರಾ ಒಣ ನಾಡಿನಲ್ಲಿ ಬದುಕುತ್ತದೆ, ನೀರಿಗಾಗಿ ಬಹಳ ದೂರ ನಡೆಯುತ್ತದೆ ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಆಕೆ ಎದ್ದು ನಿಂತು ಕೇಳಿದಳು: "ಸರ್, ತಾಯಿ ನೀರಿಗೆ ಹೋದಾಗ ಮರಿಯನ್ನು ಯಾರು ನೋಡಿಕೊಳ್ತಾರೆ?"

ನಮ್ಮ ಶಾಲೆಯಲ್ಲಿ ನಲ್ಲಿ ಬಿಡುವ ದಿನ ಹಾಜರಿ ಇಳಿಯುತ್ತದೆ. ತಾಯಂದಿರು ಕೊಡ ಹಿಡಿದು ಸಾಲಿನಲ್ಲಿ ನಿಂತರೆ ಮನೆಯಲ್ಲಿ ಚಿಕ್ಕದನ್ನು ಎತ್ತಿಕೊಳ್ಳುವುದು ಈ ಹೆಣ್ಣುಮಕ್ಕಳೇ. ಆದ್ದರಿಂದ ಅದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಸೋಮವಾರ ಹೇಳುತ್ತೇನೆ ಎಂದೆ. ಸೋಮವಾರವೂ ಅರ್ಧ ಉತ್ತರವನ್ನೇ ಹೇಳಿದೆ. ಆಮೇಲೆ ಬಿಡುವಾದಾಗಲೆಲ್ಲ ಓದುತ್ತಾ ಹೋದೆ. ಇವತ್ತು ಪೂರ್ತಿ ಉತ್ತರ ಹೇಳಲು ನಿಂತಿದ್ದೇನೆ.

ಜೀಬ್ರಾ ಎಂದರೆ ಒಂದೇ ಪ್ರಾಣಿ ಎಂದು ನಾವು ತಿಳಿದಿದ್ದೇವೆ. ಅಲ್ಲ, ಮೂರು ಜಾತಿಗಳಿವೆ. ಮೈಸೂರು ಮೃಗಾಲಯದಲ್ಲಿ ನಿಮ್ಮಲ್ಲಿ ಕೆಲವರು ನೋಡಿರುವುದು ಬಯಲು ಜೀಬ್ರಾ. ಆಫ್ರಿಕದ ಪೂರ್ವ ಮತ್ತು ದಕ್ಷಿಣದ ಹುಲ್ಲುಗಾವಲುಗಳಲ್ಲಿ ಅವು ಇನ್ನೂ ಲಕ್ಷಗಟ್ಟಲೆ ಇವೆ. ಎರಡನೆಯದು ಬೆಟ್ಟದ ಜೀಬ್ರಾ. ದಕ್ಷಿಣ ಆಫ್ರಿಕ, ನಮೀಬಿಯಾ ಕಡೆಯದು. ಮೂರನೆಯದು ಇವತ್ತಿನ ನಮ್ಮ ವಿಷಯ, ಗ್ರೆವಿ ಜೀಬ್ರಾ. ಹಿಂದಿನ ಸಾಲಿನ ಹುಡುಗರು ನಗುತ್ತಿದ್ದಾರೆ. ಇದು ಬಿರಿಯಾನಿಯ ಜೊತೆಗೆ ಬಡಿಸುವ ಗ್ರೇವಿ ಅಲ್ಲಪ್ಪಾ, ಒಬ್ಬ ಮನುಷ್ಯನ ಹೆಸರು.

ಆ ಕಥೆ ಹೀಗಿದೆ. ಇಥಿಯೋಪಿಯಾ ದೇಶವನ್ನು ಆಗ ಅಬಿಸೀನಿಯಾ ಎನ್ನುತ್ತಿದ್ದರು. ನಮ್ಮ ಹಿರಿಯರ ಮಾತಿನಲ್ಲಿ ಹಬಶ್. ಅಲ್ಲಿನ ಶೋವಾ ಪ್ರಾಂತ್ಯದ ರಾಜ ಮೆನೆಲಿಕ್, ಮುಂದೆ ಚಕ್ರವರ್ತಿಯಾದವನು, ಫ್ರಾನ್ಸಿನ ಅಧ್ಯಕ್ಷ ಜೂಲ್ಸ್ ಗ್ರೆವಿಗೆ ಒಂದು ಜೀಬ್ರಾವನ್ನು ಕಾಣಿಕೆಯಾಗಿ ಕಳುಹಿಸಿದ. ಅದನ್ನು ನೋಡಿದ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಎಮಿಲ್ ಊಸ್ತಲೆ, ಇದು ಬೇರೆಯೇ ಜಾತಿ ಎಂದು ಗುರುತಿಸಿ 1882ರಲ್ಲಿ ಅಧ್ಯಕ್ಷರ ಹೆಸರನ್ನೇ ಇಟ್ಟ. ಪಾಪ, ಆ ಅಧ್ಯಕ್ಷರು 1887ರಲ್ಲಿ ಅಳಿಯನ ಹಗರಣದಿಂದಾಗಿ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಅವರ ಆಡಳಿತ ಈಗ ಇತಿಹಾಸದ ವಿದ್ಯಾರ್ಥಿಗಳಿಗಷ್ಟೇ ನೆನಪು. ಹೆಸರು ಉಳಿದದ್ದು ಪ್ರಾಣಿಯ ಬೆನ್ನ ಮೇಲೆ.

ಆದರೆ ಹಬಶ್‌ನಿಂದ ಜೀಬ್ರಾ ಕಾಣಿಕೆಯಾಗಿ ಹೊರದೇಶಕ್ಕೆ ಹೋದದ್ದು ಅದೇ ಮೊದಲಲ್ಲ. ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಉರ್ದು ಮೇಷ್ಟ್ರಿಗೆ ಇಷ್ಟು ಹಕ್ಕಿರಲಿ. 1621ರಲ್ಲಿ ಬಾದಷಹಾ ಜಹಾಂಗೀರನ ಮುಂದೆ ಒಂದು ಜೀಬ್ರಾ ಬಂದು ನಿಂತಿತು. ಹಬಶ್ ದೇಶದಿಂದ ತುರ್ಕರು ತಂದದ್ದು. ಮೀರ್ ಜಾಫರ್ ಎಂಬುವನ ಮೂಲಕ ದರ್ಬಾರಿಗೆ ಬಂದದ್ದು. ಮೂಗಿನಿಂದ ಬಾಲದ ತುದಿಯವರೆಗೆ ಕರಿ ಬಿಳಿ ಗೆರೆ! ಯಾರೋ ಬಣ್ಣ ಬಳಿದು ಮೋಸ ಮಾಡುತ್ತಿದ್ದಾರೆಂದು ಕೆಲವರಿಗೆ ಅನುಮಾನ ಬಂತು. ಚೆನ್ನಾಗಿ ಪರೀಕ್ಷಿಸಿದ ಮೇಲೆ ಅದು ಹುಟ್ಟಿನಿಂದಲೇ ಬಂದ ಬಣ್ಣವೆಂದು ಖಾತ್ರಿಯಾಯಿತು ಎಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದನ್ನು ಅಪರೂಪದ ವಸ್ತುಗಳ ಜೊತೆ ಇರಾನಿನ ಷಾ ಅಬ್ಬಾಸನಿಗೆ ಕಳುಹಿಸಿಕೊಟ್ಟ. ಕಳುಹಿಸುವ ಮೊದಲು ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನಿಂದ, 'ನಾದಿರುಲ್ ಅಸ್ರ್' ಎಂಬ ಬಿರುದು ಪಡೆದವನಿಂದ, ಅದರ ಚಿತ್ರ ಬರೆಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಬಾದಷಹಾನ ಕೈಬರಹದ ಟಿಪ್ಪಣಿಯೂ ಇದೆ. ಬೇಟೆಗಾರನಾಗಿದ್ದ ರಾಜನೊಬ್ಬ ಪ್ರಾಣಿಯನ್ನು ಮುಟ್ಟಿ ನೋಡಿ, ಸಂಶಯ ಬಗೆಹರಿಸಿಕೊಂಡು, ತಾರೀಖು ಹಾಕಿ ಬರೆದಿಟ್ಟದ್ದು ಸಣ್ಣ ಮಾತಲ್ಲ. ನಮ್ಮ ಹೈಸ್ಕೂಲಿನ ಪ್ರಯೋಗದ ಪುಸ್ತಕಗಳಲ್ಲಿ ತಾರೀಖು ಇರುವುದೇ ಅಪರೂಪ.

ಜಹಾಂಗೀರ್ ಅದನ್ನು ಗೋರ್‌ಖರ್ ಎಂದು ಕರೆದ. ಗೋರ್‌ಖರ್ ಎಂದರೆ ಕಾಡುಕತ್ತೆ. ಉರ್ದು ನಿಘಂಟಿನಲ್ಲಿ ಇವತ್ತಿಗೂ ಜೀಬ್ರಾಕ್ಕೆ ಆ ಮಾತು ಸಿಗುತ್ತದೆ. ಆಶ್ಚರ್ಯವೆಂದರೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲೂ ಇದರ ಹೆಸರು 'ಪುಂಡಾ ಮಿಲಿಯಾ', ಅಂದರೆ ಪಟ್ಟೆಯ ಕತ್ತೆ. ನಾವು ಕನ್ನಡದಲ್ಲಿ ಪಟ್ಟೆಕುದುರೆ ಎನ್ನುತ್ತೇವೆ. ಕುದುರೆಯೋ ಕತ್ತೆಯೋ? ಗ್ರೆವಿ ಜೀಬ್ರಾವನ್ನು ನೋಡಿದರೆ ಕತ್ತೆ ಎಂದವರ ಕಡೆಗೇ ನನ್ನ ಮತ. ದೊಡ್ಡದಾದ ಗುಂಡಗಿನ ಕಿವಿ, ಉದ್ದ ಮುಖ, ಕತ್ತೆಯಂತೆಯೇ ದೂರಕ್ಕೆ ಕೇಳುವ ಅರಚು. ಆದರೆ ಗಾತ್ರದಲ್ಲಿ ಕುದುರೆ ಕತ್ತೆಗಳ ಕಾಡು ಬಳಗದಲ್ಲೆಲ್ಲ ಇದೇ ದೊಡ್ಡದು. 350ರಿಂದ 450 ಕಿಲೋ ತೂಗುತ್ತದೆ. ಪಟ್ಟೆಗಳು ತೀರಾ ಸಣ್ಣ, ಒತ್ತೊತ್ತು, ಹೊಸ ಸೀರೆಯ ಗೀಟಿನ ಹಾಗೆ. ಹೊಟ್ಟೆಯ ಕೆಳಭಾಗದಲ್ಲಿ ಪಟ್ಟೆಯಿಲ್ಲ, ಬರೀ ಬಿಳಿ. ಬಯಲು ಜೀಬ್ರಾಕ್ಕೆ ಅಗಲ ಪಟ್ಟೆ, ಹೊಟ್ಟೆಯವರೆಗೂ ಇಳಿದಿರುತ್ತದೆ. ಇಷ್ಟು ನೆನಪಿಟ್ಟರೆ ಚಿತ್ರ ನೋಡಿದ ಕೂಡಲೇ ಹೇಳಬಹುದು.

ಪಟ್ಟೆ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಕಚ್ಚುವ ನೊಣಗಳು ಪಟ್ಟೆಯ ಮೈಮೇಲೆ ಸರಿಯಾಗಿ ಇಳಿಯಲಾರವು ಎಂಬುದು ಪ್ರಯೋಗಗಳಿಂದ ತಿಳಿದಿದೆ; 2019ರಲ್ಲಿ ವಿಜ್ಞಾನಿಗಳು ಸಾಧಾರಣ ಕುದುರೆಗಳಿಗೆ ಪಟ್ಟೆಯ ಬಟ್ಟೆ ಹೊದಿಸಿ ನೋಡಿದರು, ಅವುಗಳ ಮೇಲೂ ನೊಣ ಕೂರುವುದು ಕಡಿಮೆಯಾಯಿತು. ಅದಿರಲಿ. ನಮಗೆ ಮುಖ್ಯವಾದ ವಿಷಯವೆಂದರೆ ನಮ್ಮ ಹೆಬ್ಬೆರಳಿನ ಗುರುತಿನಂತೆ ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಇದು ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಮರಿಯ ಮಾತಿಗೆ ಬರೋಣ. ನಿಮ್ಮ ಮನೆಯ ಆಡು ಐದು ತಿಂಗಳಿಗೆ ಮರಿ ಹಾಕುತ್ತದೆ, ಎಷ್ಟೋ ಸಲ ಎರಡೆರಡು. ಗ್ರೆವಿ ಜೀಬ್ರಾ ಹದಿಮೂರು ತಿಂಗಳು ಹೊರುತ್ತದೆ, ಹಾಕುವುದು ಒಂದೇ ಮರಿ. ಹುಟ್ಟಿದಾಗ ಮರಿಯ ಪಟ್ಟೆ ಕಪ್ಪಾಗಿರುವುದಿಲ್ಲ, ಚಹಾದ ಬಣ್ಣದ ಕಂದು. ಬೆಳೆದಂತೆ ಕಪ್ಪಾಗುತ್ತದೆ. ದೊಡ್ಡವುಗಳಿಗೆ ಜೂಲು ಕುತ್ತಿಗೆಯ ಮೇಲೆ ಮಾತ್ರ ಇದ್ದರೆ, ಮರಿಗೆ ನೆತ್ತಿಯಿಂದ ಬಾಲದ ಬುಡದವರೆಗೆ ಬೆನ್ನುದ್ದಕ್ಕೂ ಇರುತ್ತದೆ. ಯಾರೋ ತಮಾಷೆಗೆ ಬಾಚಿ ನಿಲ್ಲಿಸಿದಂತೆ ಕಾಣುತ್ತದೆ.

ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಮರಿ ಎದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲೇ ಓಡುತ್ತದೆ. ಸಿಂಹ, ಕತ್ತೆಕಿರುಬಗಳ ನಾಡಿನಲ್ಲಿ ಎದ್ದು ನಿಲ್ಲದವರಿಗೆ ಜಾಗವಿಲ್ಲ. ಆದರೆ ಎದ್ದ ಮರಿಗೆ ಒಂದು ತೊಂದರೆ ಇದೆ. ಕಣ್ಣೆದುರು ಏನು ಚಲಿಸಿದರೂ ಅದರ ಹಿಂದೆ ಹೋಗುವುದು ಅದರ ಸ್ವಭಾವ. ಬೇರೆ ಜೀಬ್ರಾ ಹೋದರೂ ಹಿಂಬಾಲಿಸಿ ಹೊರಟುಬಿಡುತ್ತದೆ. ಹಾಗಾಗಿ ಹೆತ್ತ ತಾಯಿ ಮೊದಲ ದಿನಗಳಲ್ಲಿ ಬೇರೆ ಹೆಣ್ಣುಗಳನ್ನು ಹತ್ತಿರಕ್ಕೆ ಬಿಡದೆ ಅಟ್ಟುತ್ತದೆ. ತನ್ನ ಪಟ್ಟೆಯ ಮಾದರಿ, ತನ್ನ ವಾಸನೆ, ತನ್ನ ದನಿ ಮರಿಗೆ ಗಟ್ಟಿಯಾಗುವ ತನಕ ಮತ್ಯಾರೂ ಬರಕೂಡದು. ಅಕ್ಷರ ಕಲಿಸುವಾಗ ನಾವೂ ಅದನ್ನೇ ಮಾಡುತ್ತೇವೆ. ಒಂದು ಅಕ್ಷರ ಕೈಗೆ ಕೂರುವ ತನಕ ಎರಡನೆಯದನ್ನು ಹಲಗೆಯ ಮೇಲೆ ಬರೆಯುವುದಿಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ಗ್ರೆವಿ ಜೀಬ್ರಾ ಸಾಮಾನ್ಯವಾಗಿ ನಾಲ್ಕೈದು ದಿನ ನೀರಿಲ್ಲದೆ ಇರಬಲ್ಲದು. ಆದರೆ ಹಾಲು ಕೊಡುವ ತಾಯಿಗೆ ಅದು ಸಾಧ್ಯವಿಲ್ಲ. ಹಾಲು ಬರಬೇಕಾದರೆ ದಿನಕ್ಕೊಮ್ಮೆ, ಹೆಚ್ಚೆಂದರೆ ಎರಡು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಹುಲ್ಲು ಒಂದು ಕಡೆ, ನೀರು ಇನ್ನೊಂದು ಕಡೆ. ಮರಿಯನ್ನು ನಡೆಸಿಕೊಂಡು ಹೋದರೆ ಅದು ದಣಿಯುತ್ತದೆ. ಸಾಲದ್ದಕ್ಕೆ ನೀರಿನ ದಡದಲ್ಲೇ ಸಿಂಹ ಕಾಯುತ್ತಿರುತ್ತದೆ. ಅದಕ್ಕೆ ಪ್ರಕೃತಿ ಮಾಡಿರುವ ಏರ್ಪಾಡು ನೋಡಿ: ಮರಿಗೆ ಮೂರು ತಿಂಗಳಾಗುವ ತನಕ ನೀರೇ ಬೇಡ, ತಾಯಿಯ ಹಾಲೇ ಸಾಕು. ಒಂದು ಸಲ ಕುಡಿದರೆ ಬಹಳ ಹೊತ್ತು ತಡೆಯುತ್ತದೆ. ಆದ್ದರಿಂದ ಮರಿಗಳಿರುವ ಹೆಣ್ಣುಗಳು ತಮ್ಮ ಮರಿಗಳನ್ನು ಒಂದೆಡೆ ಬಿಟ್ಟು ನೀರಿಗೆ ಹೋಗುತ್ತವೆ. ವಿಜ್ಞಾನಿಗಳು ಆ ಮರಿಗಳ ಗುಂಪಿಗೆ ಇಟ್ಟಿರುವ ಹೆಸರು ಕಿಂಡರ್‌ಗಾರ್ಟನ್, ಅಂದರೆ ನಮ್ಮ ಶಿಶುವಿಹಾರ, ಅಂಗನವಾಡಿ.

ಅಂಗನವಾಡಿಯಾದ ಮೇಲೆ ನೋಡಿಕೊಳ್ಳುವವರೂ ಬೇಕಲ್ಲ. ಸಾಮಾನ್ಯವಾಗಿ ಅಲ್ಲಿ ಒಂದು ದೊಡ್ಡ ಪ್ರಾಣಿ ಉಳಿದಿರುತ್ತದೆ. ಹೆಚ್ಚಿನ ಸಲ ಅದು ಆ ನೆಲವನ್ನು ಹಿಡಿದಿಟ್ಟುಕೊಂಡಿರುವ ಗಂಡು. ಬಯಲು ಜೀಬ್ರಾಗಳಲ್ಲಿ ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು ಸೇರಿ ಗಟ್ಟಿ ಕುಟುಂಬವಿರುತ್ತದೆ. ಗ್ರೆವಿಯಲ್ಲಿ ಅಂಥ ಕುಟುಂಬವಿಲ್ಲ. ಇಲ್ಲಿ ಗಂಡು ನೆಲವನ್ನು ಕಾಯುತ್ತದೆ, ಹೆಣ್ಣನ್ನಲ್ಲ. ಹತ್ತು ಚದರ ಕಿಲೋಮೀಟರಿನವರೆಗೂ ಒಂದೊಂದು ಗಂಡು ತನ್ನ ಗಡಿ ಹಾಕಿಕೊಂಡಿರುತ್ತದೆ. ಹುಲ್ಲು ತಿನ್ನುವ ಪ್ರಾಣಿಗಳಲ್ಲಿ ಇಷ್ಟು ದೊಡ್ಡ ಗಡಿ ಹಾಕುವವು ಬೇರೆ ಇಲ್ಲ. ನೀರಿಗೆ ಹತ್ತಿರದ ನೆಲ ಯಾರದೋ ಅವನಲ್ಲಿಗೆ ಹಾಲೂಡುವ ತಾಯಂದಿರು ಬಂದು ಉಳಿಯುತ್ತಾರೆ.

ಸೋಮವಾರ ಇಷ್ಟನ್ನು ಹೇಳಿದಾಗ ಆ ಹುಡುಗಿ ಎರಡನೆಯ ಪ್ರಶ್ನೆ ಹಾಕಿದಳು. "ಅದರ ಮರಿಗಳೇನಾ ಸರ್ ಅವು?" ಅದೇ ವಿಶೇಷ. ಆಗಿರಲೇಬೇಕೆಂದಿಲ್ಲ. ತಾಯಿ ಹದಿಮೂರು ತಿಂಗಳ ಹಿಂದೆ ಎಲ್ಲಿತ್ತೋ, ಯಾವ ಗಂಡಿನ ನೆಲದಲ್ಲಿತ್ತೋ. ಆದರೂ ಕಾಯುತ್ತದೆ. ಮರಿ ಕ್ಷೇಮವಾಗಿದ್ದರೆ ತಾಯಿ ಇಲ್ಲೇ ಉಳಿಯುತ್ತದೆ, ಮುಂದಿನ ಮರಿ ತನ್ನದಾಗುತ್ತದೆ ಎಂಬುದು ಲೆಕ್ಕಾಚಾರ ಎಂದು ತಜ್ಞರು ವಿವರಿಸುತ್ತಾರೆ. ನಾನು ಇದನ್ನು ತ್ಯಾಗ ಎಂದು ವರ್ಣಿಸುವುದಿಲ್ಲ. ಸ್ವಾರ್ಥವೇ ಇರಲಿ, ಮರಿ ಉಳಿಯುತ್ತದಲ್ಲ.

ಇಷ್ಟೆಲ್ಲ ಏರ್ಪಾಡು ಇದ್ದೂ ಈ ಜಾತಿ ಅಳಿವಿನ ಅಂಚಿಗೆ ಹೇಗೆ ಬಂತು? 1970ರ ದಶಕದ ಕೊನೆಯಲ್ಲಿ ಸುಮಾರು 15,000 ಇದ್ದವು. ಈಗ ಉಳಿದಿರುವುದು ಸುಮಾರು 3,000. ನಮ್ಮ ಸಂಸ್ಥೆಯ ಶಾಲೆಗಳ ಮಕ್ಕಳನ್ನೆಲ್ಲ ಒಂದೇ ಮೈದಾನದಲ್ಲಿ ನಿಲ್ಲಿಸಿದರೆ, ಪ್ರಪಂಚದ ಕಾಡುಗಳಲ್ಲಿರುವ ಗ್ರೆವಿ ಜೀಬ್ರಾಗಳು ಆ ಮೈದಾನದಲ್ಲೇ ಹಿಡಿಸಬಹುದು. ಅವುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೀನ್ಯಾದ ಉತ್ತರದ ಜಿಲ್ಲೆಗಳಲ್ಲಿ, ಸಂಬೂರು, ಲೈಕಿಪಿಯಾ, ಇಸಿಯೊಲೊ, ಮಾರ್ಸಾಬಿಟ್ ಕಡೆ ಇವೆ. ಉಳಿದವು ಇಥಿಯೋಪಿಯಾದಲ್ಲಿ. ಸೊಮಾಲಿಯಾದಲ್ಲಿ 1973ರ ನಂತರ ಕಂಡವರಿಲ್ಲ. ಜಿಬೂಟಿಯಲ್ಲೂ ಇಲ್ಲ.

ಮೊದಲ ಪೆಟ್ಟು ಬಂದೂಕಿನದು. ಈ ಸಣ್ಣ ಪಟ್ಟೆಯ ಚರ್ಮ ನೋಡಲು ಚೆಂದ. ಅದೇ ಅದಕ್ಕೆ ಮುಳುವಾಯಿತು. ಶ್ರೀಮಂತ ದೇಶಗಳ ದಿವಾನಖಾನೆಗಳಲ್ಲಿ ನೆಲಹಾಸಾಯಿತು. 1977ರಲ್ಲಿ ಕೀನ್ಯಾ ಸರ್ಕಾರ ಬೇಟೆಯನ್ನೇ ನಿಷೇಧಿಸಿತು. ಅಂತರರಾಷ್ಟ್ರೀಯ ಒಪ್ಪಂದದಂತೆ ಚರ್ಮದ ವ್ಯಾಪಾರವೂ ನಿಂತಿತು. ಹಾಗಿದ್ದೂ ಸಂಖ್ಯೆ ಏರಲಿಲ್ಲ, ಇಳಿಯುತ್ತಲೇ ಹೋಯಿತು. ಆಗಲೇ ತಜ್ಞರ ಗಮನ ಮರಿಗಳ ಕಡೆ ಹೋದದ್ದು. ದೊಡ್ಡವುಗಳನ್ನು ಕೊಲ್ಲುವುದು ನಿಂತರೂ ಮರಿಗಳು ದೊಡ್ಡವಾಗುತ್ತಿಲ್ಲವಾದರೆ ಜಾತಿ ಬೆಳೆಯುವುದೆಲ್ಲಿಂದ?

ಕಾರಣ ಹುಡುಕಿದರೆ ಅದು ಮತ್ತೆ ನೀರಿಗೇ ಹೋಗಿ ಮುಟ್ಟುತ್ತದೆ. ಆ ಭಾಗದ ಜನ ಸಂಬೂರು, ಬೊರಾನ, ರೆಂಡಿಲೆ, ಸೊಮಾಲಿ ದನಗಾಹಿಗಳು. ಅವರ ಬದುಕೇ ದನ, ಆಡು, ಕುರಿ, ಒಂಟೆ. ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ ಒರತೆ ಮಾಡಿಕೊಳ್ಳುತ್ತಾರೆ. ಜೀಬ್ರಾವೂ ಗೊರಸಿನಿಂದ ಮರಳು ತೋಡಿ ನೀರು ತೆಗೆಯಬಲ್ಲದು, ಆದರೆ ನೀರು ಆಳಕ್ಕೆ ಇಳಿದರೆ ಅದರ ಕೈಲಾಗದು. ಜನರ ಒರತೆಗೆ ಮುಳ್ಳಿನ ಬೇಲಿ ಇರುತ್ತದೆ. ಹಗಲೆಲ್ಲ ದಡದಲ್ಲಿ ದನಗಳ ಸಾಲು. ಹಗಲು ಜಾಗ ಸಿಗದ ತಾಯಿ ಜೀಬ್ರಾ ರಾತ್ರಿಯಾಗುವುದನ್ನು ಕಾಯುತ್ತದೆ. ರಾತ್ರಿ ಸಿಂಹದ ಹೊತ್ತು. ತಾಯಿ ಸತ್ತರೆ ಮರಿಯೂ ಹೋಯಿತು. ಸಾಯದೆ ಇದ್ದರೂ ನೀರಿಗಾಗಿ ಹೆಚ್ಚು ದೂರ ನಡೆದರೆ ಹಾಲು ಕಡಿಮೆ, ಮರಿ ಒಂಟಿಯಾಗಿರುವ ಹೊತ್ತು ಹೆಚ್ಚು. ಇದರ ಮೇಲೆ ದನ ಮೇದು ಬರಡಾದ ನೆಲ. ಹುಲ್ಲಿಗೂ ದೂರವೇ ಹೋಗಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇಂಥ ವಿಷಯಗಳನ್ನು ಬರೆಯುವವರಲ್ಲಿ ಕೆಲವರು ದನಗಾಹಿಯನ್ನೇ ಖಳನಾಯಕ ಮಾಡಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅವನ ಮನೆಯಲ್ಲೂ ಮಗುವಿದೆ, ಆ ಮಗುವೂ ಹಸುವಿನ ಹಾಲನ್ನೇ ಕುಡಿಯಬೇಕು, ಹಸುವಿಗೂ ಅದೇ ಒರತೆಯ ನೀರು ಬೇಕು. ಒಂದೇ ಒರತೆಗೆ ಇಬ್ಬರು ತಾಯಂದಿರು ಬಂದು ನಿಂತಿದ್ದಾರೆ, ಅಷ್ಟೇ. ಚರ್ಮದ ನೆಲಹಾಸು ಕೊಂಡವನು ಬಾಯಾರಿ ಕೊಂಡವನಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸಂತೋಷದ ಸಂಗತಿಯೆಂದರೆ ಈಗ ಆ ಜೀಬ್ರಾಗಳ ಕಾವಲಿಗೆ ನಿಂತಿರುವವರು ಅದೇ ದನಗಾಹಿಗಳು. 2007ರಲ್ಲಿ ಸ್ಥಾಪನೆಯಾದ ಗ್ರೆವಿ ಜೀಬ್ರಾ ಟ್ರಸ್ಟ್ ಎಂಬ ಸಂಸ್ಥೆ ಸಂಬೂರು ಹಳ್ಳಿಗಳ ಗಂಡಸರು ಹೆಂಗಸರನ್ನು ನೇಮಿಸಿಕೊಂಡಿದೆ. ಅವರು ಕಾಲ್ನಡಿಗೆಯಲ್ಲಿ ತಿರುಗಿ, ಎಲ್ಲಿ ಎಷ್ಟು ಕಂಡವು, ಜೊತೆಯಲ್ಲಿ ಮರಿ ಎಷ್ಟು ಎಂದು ಬರೆದಿಡುತ್ತಾರೆ. ದನ ಮೇಯಿಸುವ ಜಾಗವನ್ನು ಸರದಿಯಂತೆ ಬದಲಿಸಿ ಹುಲ್ಲು ಚಿಗುರಲು ಬಿಡುವ ಪದ್ಧತಿಯನ್ನು ಮತ್ತೆ ತರುತ್ತಿದ್ದಾರೆ. ನೀರಿನ ಬಳಿ ಕಾಡುಪ್ರಾಣಿಗೂ ಹೊತ್ತು ಬಿಡುವಂತೆ ಊರಿನವರೊಂದಿಗೆ ಮಾತಾಡುತ್ತಾರೆ. ಲೇವಾ ಎಂಬ ಸಂರಕ್ಷಿತ ಪ್ರದೇಶ, ಹಿಂದೆ ದನಗಳ ದೊಡ್ಡ ಫಾರಂ ಆಗಿದ್ದದ್ದು, ಈಗ ಇವುಗಳಲ್ಲಿ ಸುಮಾರು ಹತ್ತರಲ್ಲೊಂದು ಭಾಗಕ್ಕೆ ನೆಲೆಯಾಗಿದೆ. ರೋಗಕ್ಕೂ ಕಾವಲು ಬೇಕಾಯಿತು. 2005ರ ಕೊನೆಯಲ್ಲಿ ಸಂಬೂರು ಭಾಗದಲ್ಲಿ ಆಂಥ್ರಾಕ್ಸ್ ರೋಗ ಬಿದ್ದು ಜೀಬ್ರಾಗಳು ಸಾಯತೊಡಗಿದವು. 2006ರಲ್ಲಿ 600ಕ್ಕೂ ಹೆಚ್ಚು ಜೀಬ್ರಾಗಳಿಗೆ ಲಸಿಕೆ ಹಾಕಿದರು. ಊರಿನ ದನಕರುಗಳಿಗೂ ಹಾಕಿದರು. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ರೋಗ ನಿಲ್ಲುವುದಿಲ್ಲ.

ಎಣಿಕೆಯ ಕಥೆ ಸ್ವಾರಸ್ಯವಾಗಿದೆ, ಗಣಿತ ಇಷ್ಟಪಡುವವರು ಕೇಳಿ. ವಿಶಾಲ ಬಯಲಿನಲ್ಲಿ ಓಡಾಡುವ ಪ್ರಾಣಿಯನ್ನು ಎರಡು ಸಲ ಎಣಿಸದೆ ಹೇಗೆ ಎಣಿಸುವುದು? 2016ರ ಜನವರಿಯಲ್ಲಿ ಎರಡು ದಿನ, ಐನೂರಕ್ಕೂ ಹೆಚ್ಚು ಜನ ಕ್ಯಾಮೆರಾ ಹಿಡಿದು ಹೊರಟರು. ವಿಜ್ಞಾನಿಗಳಷ್ಟೇ ಅಲ್ಲ, ಸಾಮಾನ್ಯ ನಾಗರಿಕರು, ಶಾಲಾ ಮಕ್ಕಳೂ ಇದ್ದರು. ಎಲ್ಲರಿಗೂ ಒಂದೇ ನಿಯಮ: ಪ್ರಾಣಿಯ ಬಲಮಗ್ಗುಲಿನ ಚಿತ್ರ ತೆಗೆಯಬೇಕು. ಎಡಮಗ್ಗುಲಿನ ಪಟ್ಟೆ ಬೇರೆ ಇರುತ್ತದೆ, ಬೆರೆತರೆ ಲೆಕ್ಕ ಕೆಡುತ್ತದೆ. ಹತ್ತಾರು ಸಾವಿರ ಚಿತ್ರಗಳು ಬಂದವು. ಕಂಪ್ಯೂಟರ್ ಪಟ್ಟೆಗಳನ್ನು ಹೋಲಿಸಿ, ಶನಿವಾರ ಕಂಡದ್ದು ಭಾನುವಾರ ಎಷ್ಟು ಮತ್ತೆ ಕಂಡವು ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿತು. ಉತ್ತರ 2,350. ಅದೇ ಕ್ರಮದಲ್ಲಿ 2018ರಲ್ಲಿ ಎಣಿಸಿದಾಗ ಕೀನ್ಯಾದಲ್ಲಿ 2,812 ಸಿಕ್ಕವು. ಜೊತೆಗೆ ಚಿತ್ರಗಳಲ್ಲಿ ಮರಿಗಳೆಷ್ಟು, ಎಳೆಯವೆಷ್ಟು ಎಂದೂ ಲೆಕ್ಕ ಹಾಕುತ್ತಾರೆ. ಒಟ್ಟು ಸಂಖ್ಯೆ ಇವತ್ತಿನ ಸ್ಥಿತಿ ಹೇಳಿದರೆ, ಮರಿಗಳ ಸಂಖ್ಯೆ ಹತ್ತು ವರ್ಷದ ಮುಂದಿನದನ್ನು ಹೇಳುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಾವು ಒಂದನೆಯ ತರಗತಿಯ ಹೆಸರುಗಳನ್ನು ಮೊದಲು ಎಣಿಸುವುದು ಇದೇ ಕಾರಣಕ್ಕೆ.

ಹೀಗೆ ಸ್ವಲ್ಪ ಏರುತ್ತಿದ್ದಾಗ ಬರ ಬಂತು. 2020ರ ಕೊನೆಯಿಂದ ಪೂರ್ವ ಆಫ್ರಿಕದಲ್ಲಿ ಒಂದರ ಹಿಂದೆ ಒಂದರಂತೆ ಐದು ಮಳೆಗಾಲ ಕೈಕೊಟ್ಟವು. 2022ರ ಫೆಬ್ರವರಿಯಿಂದ ಅಕ್ಟೋಬರ್ ತನಕ ಬರದಿಂದ 49 ಗ್ರೆವಿ ಜೀಬ್ರಾಗಳು ಸತ್ತವೆಂದು ಕೀನ್ಯಾ ಸರ್ಕಾರದ ವರದಿ ಹೇಳಿತು. ಅದೇ ವರದಿಯಲ್ಲಿ 205 ಆನೆಗಳ ಸಾವೂ ಇದೆ. 49 ಎಂದರೆ ಸಣ್ಣ ಸಂಖ್ಯೆ ಎನ್ನಿಸಬಹುದು. ಎರಡು ವರ್ಷಕ್ಕೊಂದರಂತೆ ಮರಿ ಹಾಕುವ ಪ್ರಾಣಿಯಲ್ಲಿ, ಇರುವುದೇ ಮೂರು ಸಾವಿರವಾದಾಗ, ಅದು ಸಣ್ಣದಲ್ಲ. ಆ ತಿಂಗಳುಗಳಲ್ಲಿ ಒಣಹುಲ್ಲಿನ ಪೆಂಡಿಗಳನ್ನು ಕೊಂಡು ತಂದು ಜೀಬ್ರಾಗಳು ಓಡಾಡುವ ಕಡೆ ಹಾಕಿದರು. ಕಾಡುಪ್ರಾಣಿಗೆ ಮೇವು ಹಾಕಬಾರದು ಎನ್ನುವವರಿದ್ದಾರೆ. ಸಾಧಾರಣ ಕಾಲದಲ್ಲಿ ಅವರ ಮಾತು ಸರಿ. ಹಾಲೂಡುವ ತಾಯಿಯ ಪಕ್ಕೆಲುಬು ಎಣಿಸುವಂತಾದಾಗ ನಿಯಮ ಪುಸ್ತಕ ತೆರೆಯುವುದು ನನ್ನಿಂದಾಗದು.

ಹೋದರೆ ಹೋಯಿತು, ಇನ್ನೆರಡು ಜಾತಿ ಇವೆಯಲ್ಲ ಎಂದು ಒಬ್ಬ ಹುಡುಗ ಒಮ್ಮೆ ಕೇಳಿದ. ಅವನಿಗೆ ಕ್ವಾಗಾದ ವಿಷಯ ಹೇಳಿದೆ. ದಕ್ಷಿಣ ಆಫ್ರಿಕದಲ್ಲಿ ಕ್ವಾಗಾ ಎಂಬ ಜೀಬ್ರಾ ಇತ್ತು, ಬಯಲು ಜೀಬ್ರಾದ ಒಂದು ಒಳಜಾತಿ. ಮುಂಭಾಗದಲ್ಲಷ್ಟೇ ಪಟ್ಟೆ, ಹಿಂಭಾಗ ಕಂದು. ಬಂದೂಕು ಹಿಡಿದ ವಲಸೆಗಾರರು ಮಾಂಸಕ್ಕೆ, ಚರ್ಮಕ್ಕೆ ಕೊಂದರು. ಕೊನೆಯದೊಂದು ಹೆಣ್ಣು ಆಮ್‌ಸ್ಟರ್‌ಡಾಮ್ ಮೃಗಾಲಯದಲ್ಲಿ 1883ರ ಆಗಸ್ಟ್ 12ರಂದು ಸತ್ತಿತು. ಅದೇ ಕೊನೆಯದು ಎಂದು ಮೃಗಾಲಯದವರಿಗೆ ಆಗ ಗೊತ್ತಿರಲಿಲ್ಲ. ಇನ್ನೊಂದು ತರಿಸಿಕೊಡಿ ಎಂದು ಕೇಳಿದರಂತೆ. ಗ್ರೆವಿ ಜೀಬ್ರಾಕ್ಕೆ ಹೆಸರಿಟ್ಟ ಮರುವರ್ಷ ಅದು. ಪ್ಯಾರಿಸ್ಸಿನಲ್ಲಿ ಒಂದು ಜೀಬ್ರಾ ಪುಸ್ತಕಕ್ಕೆ ಸೇರಿದ ಹೊತ್ತಿಗೆ ಆಮ್‌ಸ್ಟರ್‌ಡಾಮಿನಲ್ಲಿ ಇನ್ನೊಂದು ಪುಸ್ತಕದಲ್ಲಷ್ಟೇ ಉಳಿಯಿತು.

ಹಾಗೆಂದು ಎಲ್ಲ ಕಥೆಗಳೂ ಹೀಗೇ ಮುಗಿಯುವುದಿಲ್ಲ. ಗೋರ್‌ಖರ್ ಎಂದೆನಲ್ಲ, ನಿಜವಾದ ಗೋರ್‌ಖರ್ ನಮ್ಮ ದೇಶದಲ್ಲೇ ಇದೆ, ಗುಜರಾತಿನ ಕಛ್‌ನ ಚಿಕ್ಕ ರಣದಲ್ಲಿ. ಅದೂ ಉಪ್ಪು ನೆಲದ, ನೀರಿಲ್ಲದ ಊರು. ರೋಗ ಬಡಿದು 1969ರ ಎಣಿಕೆಯಲ್ಲಿ 362 ಉಳಿದಿದ್ದವು. 1973ರಲ್ಲಿ ಅಭಯಾರಣ್ಯವಾಯಿತು. 2024ರ ಎಣಿಕೆಯಲ್ಲಿ 7,672. ಒಂದು ಕಾಲಕ್ಕೆ ಗ್ರೆವಿಗಿಂತಲೂ ಕಷ್ಟದಲ್ಲಿದ್ದ ಬಂಧು ಇವತ್ತು ಅದರ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ನಮ್ಮವರು ಮಾಡಿದ ಕೆಲಸ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ಮಾತು, ಮುಗಿಸುತ್ತೇನೆ. ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಂಟನೆಯ ತರಗತಿ. ಇಲ್ಲೇ ಕುಳಿತಿದ್ದಾಳೆ, ಹೆಸರು ಹೇಳಿದರೆ ನಾಳೆ ಗೆಳತಿಯರು ಅವಳನ್ನು ಜೀಬ್ರಾ ಎಂದು ಕರೆಯುತ್ತಾರೆ, ಆದ್ದರಿಂದ ಹೇಳುವುದಿಲ್ಲ. ಸಭಾಂಗಣದ ಹೊರಗಿನ ಗೋಡೆಗೆ ನಾಲ್ಕು ಚಿತ್ರಗಳನ್ನು ಅಂಟಿಸಿದ್ದೇವೆ. ಉಸ್ತಾದ್ ಮನ್ಸೂರನ ಚಿತ್ರದ ಪ್ರತಿ ಒಂದು, ಬಯಲು ಜೀಬ್ರಾ ಒಂದು, ಗ್ರೆವಿ ಎರಡು. ಗ್ರೆವಿಯ ಒಂದು ಚಿತ್ರದಲ್ಲಿ ಕಂದು ಪಟ್ಟೆಯ ಮೂರು ಮರಿಗಳಿವೆ, ಹತ್ತಿರದಲ್ಲಿ ಒಂದು ದೊಡ್ಡ ಗಂಡು, ತಾಯಂದಿರು ಎಲ್ಲೂ ಕಾಣುವುದಿಲ್ಲ. ಊಟಕ್ಕೆ ಹೋಗುವ ಮುಂಚೆ ನೋಡಿಕೊಂಡು ಹೋಗಿ. ನೂಕುನುಗ್ಗಲು ಬೇಡ, ಚಿಕ್ಕವರನ್ನು ಮುಂದೆ ಬಿಡಿ.